ವ್ರೊತ್ಸ್ವಾಫಿನ ಕಡಬಿನಂಗಡಿಯಲ್ಲಿ ಕುಬಸ

ನಿಪ್ಪಾಣಿ ಹೆದ್ದಾರಿ

ನನ್ನ ಮೊದಲ ವಿದೇಶ ಪ್ರವಾಸವನ್ನು ಬೀಗಿತ್ತಿಯ ಜೊತೆ ಮಾಡಿ ಬಂದೆ ಎಂದರೆ ಅಥಣಿಯಲ್ಲಿ ಈಗಲೂ ಕೆಲವರು ನಂಬುವುದಿಲ್ಲ. ಮಗಳನ್ನು ಕೊಟ್ಟ ಮನೆಯ ಹಿರಿಯಳ ಪಕ್ಕ ಮದುವೆಯ ಪಂಕ್ತಿಯಲ್ಲಿ ಕೂತು ಮಾತು ಬೆಳೆಯದಂತೆ ಎದ್ದು ಬರುವುದೇ ಒಂದು ಸಾಹಸ. ನಾನು ತೋಳಿಗೆ ತೋಳು ತಾಗಿಸಿಕೊಂಡು ಪೋಲೆಂಡಿನ ತನಕ ಹೋದೆ!

ಮಗಳು ಪಲ್ಲವಿ ತುಂಬು ಗರ್ಭಿಣಿ. ಅಳಿಯ ಅಭಿನಂದನ ಅಲ್ಲಿನ ಒಂದು ಕೊರಿಯನ್ ಕಾರ್ಖಾನೆಯಲ್ಲಿ ಯಂತ್ರ ದುರಸ್ತಿ ಮಾಡುತ್ತಾನೆ. ಈ ಸ್ಥಿತಿಯಲ್ಲಿ ವಿಮಾನ ಹತ್ತಬಾರದು ಎಂದು ಡಾಕ್ಟರು ಮಗಳಿಗೆ ಹೇಳಿಬಿಟ್ಟಿದ್ದರು. ಚೊಚ್ಚಲ ಬಾಣಂತನ ತವರಿನದು. ಮಗಳು ತವರಿಗೆ ಬರದಿದ್ದರೆ ತವರೇ ಹೋಗಬೇಕಲ್ಲ ಎಂದು ನಾನು ವೀಸಾ ಮಾಡಿಸಿದೆ. "ನನ್ನ ಮಗನ ಮನ್ಯಾಗ ಬಾಣಂತನ ಆಗೂದಿದ್ರ ನಾ ಯಾಕ ನಿಪ್ಪಾಣ್ಯಾಗ ಕುಂದರ್ಲಿ?" ಎಂದು ಬೀಗಿತ್ತಿ ಸುಮತಿಬಾಯಿಯವರೂ ಮಾಡಿಸಿದರು.

ನಾನು ಅಥಣಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಅವರು ನಿಪ್ಪಾಣಿಯ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಅದು ಬರುತ್ತದೆ ಎಂಬುದೂ ಅವರಿಗೆ ಚೆನ್ನಾಗಿ ಗೊತ್ತು. ಮುಂಬೈ ಬಸ್ಸು ನಿಪ್ಪಾಣಿಯಲ್ಲಿ ಅವರನ್ನು ಹತ್ತಿಸಿಕೊಂಡಾಗ ಕೂತ ಕೂಡಲೇ ಕೇಳಿದ ಮೊದಲ ಮಾತು: "ಅಹೋ ವಿಹೀಣಬಾಯಿ, ಅಂಟಿನುಂಡಿ ಕಟ್ಕೊಂಡ್ ಬಂದೀರೇನು?"

ವಿಹೀಣಬಾಯಿ ಎಂದರೆ ಮರಾಠಿಯಲ್ಲಿ ಬೀಗಿತ್ತಿ. ಅಂಟಿನುಂಡಿ ಎಂದರೆ ಬಾಣಂತಿಗೆ ಕೊಡುವ ಗೋಂದಿನ ಲಾಡು.

"ಹೂನ್ರಿ, ಡಬ್ಬಿ ತುಂಬ ತಂದೀನಿ."

"ನಾನೂ ತಂದೀನಿ. ನಮ್ಮ ಕಡಿ ಬೆಲ್ಲ ಛಲೋ ಇರ್ತದ."

ಬಸ್ಸು ಕೊಲ್ಹಾಪುರ ದಾಟುವ ತನಕ ಇಬ್ಬರೂ ಕಿಟಕಿಯ ಹೊರಗೆ ನೋಡಿದೆವು.

ಮುಳುಗದ ಸೂರ್ಯ

ವ್ರೊತ್ಸ್ವಾಫ್ ಎಂಬ ಊರಿನ ಹೆಸರನ್ನು ಹಿಂದಿನ ರಾತ್ರಿಯೇ ಬಾಯಿಪಾಠ ಮಾಡಿದ್ದೆ. ವಿಮಾನ ಇಳಿದಾಗ ನಾಲಗೆಯಿಂದ ಅದು ಜಾರಿ ಹೋಗಿತ್ತು. ಆದರೆ ಊರು ಮಾತ್ರ ಕಣ್ಣಿಗೆ ಹಬ್ಬ! ಹಳದಿ, ಗುಲಾಬಿ, ತಿಳಿಹಸಿರು ಬಣ್ಣದ ಎತ್ತರದ ಮನೆಗಳು ಒಂದಕ್ಕೊಂದು ಅಂಟಿಕೊಂಡು ಫೋಟೋಕ್ಕೆ ನಿಂತವರ ಹಾಗೆ ನಿಂತಿದ್ದವು. ರಸ್ತೆಯ ನಡುವೆ ಟ್ರಾಮು ಗಂಟೆ ಬಾರಿಸುತ್ತ ಬರುತ್ತಿತ್ತು. ಅದರೊಳಗೆ ಅಷ್ಟು ಜನರಿದ್ದರೂ ಒಬ್ಬರೂ ಮಾತಾಡುವುದಿಲ್ಲ. ನಾವಿಬ್ಬರು ಮಾತಾಡಿದಾಗ ಇಡೀ ಡಬ್ಬಿ ತಿರುಗಿ ನೋಡಿತು. ಸುಮತಿಬಾಯಿಯವರು ಕೂಡಲೇ ದನಿ ತಗ್ಗಿಸಿದರು. ನಾನು ತಗ್ಗಿಸಲಿಲ್ಲ. ತರಗತಿಯ ಹಿಂದಿನ ಬೆಂಚಿಗೆ ಕೇಳುವಂತೆ ಮಾತಾಡಿ ರೂಢಿಯಾದ ಗಂಟಲು.

ನದಿ ನಮ್ಮ ಉಗಾರದ ಕೃಷ್ಣೆಯ ಅರ್ಧದಷ್ಟೂ ಇಲ್ಲ. ಆದರೆ ದಂಡೆಯ ಹುಲ್ಲಿನ ಮೇಲೆ ಜನ ಸಾಲಾಗಿ ಮಲಗಿ ಬಿಸಿಲು ಕಾಯಿಸುತ್ತಿದ್ದರು. ನಾವು ಹಾಗೆ ಬಿಸಿಲಿಗೆ ಹಾಕುವುದು ಹಪ್ಪಳ ಸಂಡಿಗೆಯನ್ನು ಮಾತ್ರ.

ಎಲ್ಲಕ್ಕಿಂತ ದೊಡ್ಡ ಬೆರಗು ಸೂರ್ಯನದು. ನಾವು ಜೈನರು. ಸುಮತಿಬಾಯಿಯವರು ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವವರಲ್ಲ. ಸಂಜೆಯಾಯಿತು ಎಂದು ಅವರು ಅವಸರದಲ್ಲಿ ಉಂಡು ಮುಗಿಸಿ ಬಾಲ್ಕನಿಯಲ್ಲಿ ಸೂರ್ಯಾಸ್ತಕ್ಕೆ ಕಾಯುತ್ತ ಕೂತರು. ಸೂರ್ಯ ಮುಳುಗುವ ಲಕ್ಷಣವೇ ಇಲ್ಲ. ಕಾಯ್ದು ಕಾಯ್ದು ಅವರಿಗೆ ಮತ್ತೆ ಹಸಿವಾಯಿತು.

"ಇನ್ನೂ ಬಿಸಲ ಐತಿ. ಇನ್ನೊಂದ್ ಸಲ ಉಂಡ್ರ ತಪ್ಪೇನಿಲ್ಲ ಅಲ್ಲೇನ್ರಿ?" ಎಂದು ನನ್ನನ್ನೇ ಕೇಳಿದರು.

"ನೇಮ ಸೂರ್ಯಂದ್ರಿ, ಗಡಿಯಾರದ್ದಲ್ಲ," ಎಂದೆ. ಅವತ್ತು ನಾವಿಬ್ಬರೂ ಎರಡು ಸಲ ಸಂಜೆಯ ಊಟ ಮಾಡಿದೆವು.

ಅರ್ಧ ಬಾರು, ಅರ್ಧ ಖಾನಾವಳಿ

ಮಗಳಿಗೆ ಬಯಕೆ ಏನು ಎಂದು ಕೇಳಿದೆ. ಶೇಂಗಾ ಹೋಳಿಗೆ ಎನ್ನುತ್ತಾಳೆ, ಕರ್ಚಿಕಾಯಿ ಎನ್ನುತ್ತಾಳೆ ಎಂದು ಎಣಿಸಿದ್ದೆ. "ಅವ್ವಾ, ಕಡಬಿನಂಗಡಿಗೆ ಹೋಗೂಣು," ಎಂದಳು.

ಅದು ನದಿಯ ಪಕ್ಕದ ಓಣಿಯಲ್ಲಿತ್ತು. ಹೆಸರು ನನ್ನ ನಾಲಗೆಗೆ ಹತ್ತಲಿಲ್ಲ. ಎವಾ ಎಂಬ ಪೋಲಿಷ್ ಹೆಂಗಸು ಮತ್ತು ಅವಳ ಕೊರಿಯನ್ ಗಂಡ ನಡೆಸುವ ಅಂಗಡಿ. ಅಡುಗೆಮನೆಯಲ್ಲಿ ಎವಾ ಮತ್ತು ಅವಳ ಕೊರಿಯನ್ ಅತ್ತೆ. ಗಂಡ ಬಾರಿನ ಕಟ್ಟೆಯ ಹಿಂದೆ ಗ್ಲಾಸು ಒರೆಸುತ್ತ ಇರುತ್ತಾನೆ. ಎರಡು ದೇಶದ ಅಡುಗೆ ಒಂದೇ ತಾಟಿನಲ್ಲಿ! ಗೋಡೆಗೆ ಒರಗಿಸಿದ ಬಣ್ಣದ ಸೀಸೆಗಳು ಸಂಜೆಯ ಬಿಸಿಲಿಗೆ ಹೊಳೆಯುತ್ತಿದ್ದವು.

ಸುಮತಿಬಾಯಿಯವರು ಹೊಸ್ತಿಲಲ್ಲೇ ನಿಂತರು. "ಪಲ್ಲವಿ, ಇದು ಬಾರ್ ಐತಲ್ಲ!"

"ಅರ್ಧ ಬಾರು, ಅರ್ಧ ಖಾನಾವಳಿ ಅತ್ತಿ."

"ಹಂಗಾದ್ರ ನಾವು ಆ ಅರ್ಧದಾಗ ಕುಂದರೋಣು," ಎಂದು ಸೀರೆಯ ನೆರಿಗೆ ಎತ್ತಿಕೊಂಡು ಬಾರಿನಿಂದ ಅತಿ ದೂರದ ಮೂಲೆಗೆ ನಡೆದರು.

ಕೂತ ಕೂಡಲೇ ಯಾರೂ ಕೇಳದೆ ಮೂರು ಲೋಟ ತಂದಿಟ್ಟರು. ಒಳಗೆ ತಿಳಿಕಂದು ಬಣ್ಣದ ನೀರು. ಸುಮತಿಬಾಯಿಯವರು ಲೋಟವನ್ನು ಒಂದು ಬೆರಳಿನಿಂದ ದೂರ ತಳ್ಳಿದರು. "ನಕೋ, ನಕೋ! ಇವರು ಬಂದವರಿಗೆಲ್ಲ ಮೊದಲ ಇದನ್ನ ಕುಡಸ್ತಾರೇನು?" ನಾನು ಮೂಗಿನ ಹತ್ತಿರ ಹಿಡಿದೆ. ಹಂಚಿನ ಮೇಲೆ ಧಾನ್ಯ ಹುರಿದ ವಾಸನೆ, ಬೇರೇನೂ ಇಲ್ಲ. ಹುರಿದ ಬಾರ್ಲಿ ಕುದಿಸಿದ ನೀರು, ಕೊರಿಯನ್ನರ ಮನೆಯಲ್ಲಿ ಕುಡಿಯುವ ನೀರೇ ಇದು ಎಂದು ಮಗಳು ಹೇಳಿದ ಮೇಲೆ ಬೀಗಿತ್ತಿ ಒಂದು ಗುಟುಕು ಕುಡಿದರು. ಆಮೇಲೆ ನನ್ನದನ್ನೂ ಕುಡಿದರು.

ಪೋಲಿಷ್ ಕಡಬಿನ ಹೆಸರು ಪಿಯೆರೋಗಿ.

"ಉಣ್ಣೂ ಪದಾರ್ಥದ ಹೆಸರಿನ್ಯಾಗ ರೋಗಿ ಯಾಕ?" ಎಂದರು ಸುಮತಿಬಾಯಿಯವರು. ಹೌದಲ್ಲ ಎನ್ನಿಸಿ ನನಗೆ ನಗು ತಡೆಯಲಾಗಲಿಲ್ಲ. ಬಸ್ಸು ಹತ್ತಿದಾಗಿನಿಂದ ನಾವಿಬ್ಬರೂ ಒಂದೇ ಮಾತಿಗೆ ನಕ್ಕದ್ದು ಅದೇ ಮೊದಲು.

ನಿಜವಾದ ಪೇಚು ಆಮೇಲೆ. ಎವಾ ಚೀಟಿ ಪೆನ್ನು ಹಿಡಿದು ಬಂದಳು. ಮಾಂಸ ಬೇಡ ಎಂದರು ಬೀಗಿತ್ತಿ, ತಮ್ಮ ಬ್ಯಾಂಕಿನ ಇಂಗ್ಲಿಷಿನಲ್ಲಿ. ಎವಾ ತಲೆಯಾಡಿಸಿದಳು. ಮೀನು, ಮೊಟ್ಟೆ ಬೇಡ. ಆಗಲಿ ಎಂದಳು. ಉಳ್ಳಾಗಡ್ಡಿ ಬೇಡ, ಬಳ್ಳೊಳ್ಳಿ ಬೇಡ. ಎವಾಳ ಪೆನ್ನು ನಿಂತಿತು. ಬಟಾಟಿಯೂ ಬೇಡ, ನೆಲದ ಕೆಳಗೆ ಬೆಳೆಯುವುದು ಯಾವುದೂ ಬೇಡ. ಎವಾಳ ನೀಲಿ ಕಣ್ಣುಗಳು ಇಷ್ಟಗಲವಾದವು. ಬಟಾಟಿ ಇಲ್ಲದೆ ಪೋಲೆಂಡಿನಲ್ಲಿ ಒಂದು ಹೊತ್ತು ದಾಟುವುದು ಹೇಗೆ ಎಂದು ಅವಳಿಗೆ ನಿಜಕ್ಕೂ ಗಾಬರಿ. ಅಡುಗೆಮನೆಯ ಕಡೆ ತಿರುಗಿ ಕೂಗಿದಳು.

ಒಳಗಿನಿಂದ ಅತ್ತೆ ಬಂದಳು. ಗುಂಗುರು ಮಾಡಿಸಿದ ಬಿಳಿಗೂದಲು, ಹೂವಿನ ಏಪ್ರನ್ನು, ನನ್ನ ಭುಜದಷ್ಟು ಎತ್ತರ. ಕೊರಿಯನ್ನರಲ್ಲಿ ಅಜ್ಜಿಗೆ 'ಹಲ್ಮೊನಿ' ಎನ್ನುತ್ತಾರೆ. ಪಲ್ಲವಿಯೂ ಹಾಗೆಯೇ ಕರೆಯುತ್ತಿದ್ದಳು. ಬೀಗಿತ್ತಿಯ ಕಿವಿಗೆ ಅದು 'ಹಾಲಮನಿ' ಎಂದು ಬಿತ್ತು, ನಮ್ಮ ಮಟ್ಟಿಗೆ ಕೊನೆಯ ತನಕ ಆಕೆ ಹಾಲಮನಿ ಅಜ್ಜಿಯೇ.

ಸೊಸೆ ಹೇಳಿದ ಪಟ್ಟಿಯನ್ನು ಅಜ್ಜಿ ಕೇಳಿದಳು. ಸುಮತಿಬಾಯಿಯವರನ್ನು ಮೇಲಿಂದ ಕೆಳಗೆ ನೋಡಿದಳು. ತನ್ನ ತಲೆಯ ಮೇಲೆ ಕೈ ಸವರಿ ಬೋಳು ಎಂದು ತೋರಿಸಿ, ಕಣ್ಣು ಮುಚ್ಚಿ ಕೈ ಮುಗಿದಳು. ಅವರ ಊರಿನ ಬೌದ್ಧ ಸನ್ಯಾಸಿಗಳೂ ಉಳ್ಳಾಗಡ್ಡಿ ಬಳ್ಳೊಳ್ಳಿ ಮುಟ್ಟುವುದಿಲ್ಲವಂತೆ!

"ಹಾಂ! ನಮ್ಮ ಮುನಿಗಳೂ ಹಂಗ! ಬಘಾ, ಆಕಿಗೆ ಒಂದ ಮಾತಿಗೆ ತಿಳೀತು," ಎಂದು ಬೀಗಿತ್ತಿ ಎದ್ದು ನಿಂತು ಆಕೆಗೆ ಕೈ ಮುಗಿದರು. ಅಜ್ಜಿ ಅದಕ್ಕಿಂತ ಕೆಳಕ್ಕೆ ಬಾಗಿದಳು. ಬೀಗಿತ್ತಿ ಇನ್ನೂ ಕೆಳಕ್ಕೆ. ಇದು ಎಲ್ಲಿ ಮುಗಿಯುವುದೋ ಎಂದು ನನಗೆ ದಿಗಿಲಾಯಿತು.

ಆಮೇಲೆ ಒಳಗೆ ಅತ್ತೆ ಸೊಸೆಯ ವಾದ ಶುರುವಾಯಿತು. ಅತ್ತೆಯದು ಮುರುಕು ಪೋಲಿಷ್, ಸೊಸೆಯದು ಮುರುಕು ಕೊರಿಯನ್, ಪಾತ್ರೆಗಳ ಸದ್ದು ಎರಡೂ ಭಾಷೆಯಲ್ಲಿ. ಗಂಡ ನಮ್ಮನ್ನು ನೋಡಿ ಭುಜ ಕುಣಿಸಿ ಒಣಗಿದ ಗ್ಲಾಸನ್ನೇ ಮತ್ತೆ ಒರೆಸಿದ.

"ಹಿಟ್ಟು ಯಾರು ನಾದಬೇಕು ಅಂತ ಜಗಳ ನಡದೈತಿ," ಎಂದೆ.

"ನಿಮಗ ಹೆಂಗ ತಿಳೀತು?"

"ಇದಕ್ಕ ಭಾಷಾ ಬೇಕೇನ್ರಿ?"

ತಾಟು ಬಂತು. ಕಡಬು ನಮ್ಮ ಕಡಬಿನದೇ ಆಕಾರ, ಅಂಚಿಗೆ ಅದೇ ಮುರಿಗೆ. ಒಳಗೆ ಗಟ್ಟಿ ಮೊಸರನ್ನು ಹಿಂಡಿ ತೆಗೆದಂಥ ಬಿಳಿ ಹೂರಣ. ಕುದಿಸಿ, ಬೆಣ್ಣೆಯಲ್ಲಿ ಹೊರಳಿಸಿ, ಮೇಲೆ ಕೊರಿಯನ್ನರ ಕೆಂಪು ಖಾರ ಸವರಿದ್ದರು. ಆ ಖಾರ ನಾಲಗೆಗೆ ತಾಗಿದ್ದೇ ನಾನು ಕೂಗಿಬಿಟ್ಟೆ: "ರಂಜಕ!" ನಮ್ಮ ಕಡೆ ಹಣ್ಣುಮೆಣಸಿನಕಾಯಿ ರುಬ್ಬಿ ಭರಣಿಯಲ್ಲಿ ಇಡುತ್ತೇವಲ್ಲ, ಅದರ ಅಕ್ಕತಂಗಿ, ಸ್ವಲ್ಪ ಸಿಹಿ ಹೆಚ್ಚು ಅಷ್ಟೆ. ಹೆಸರುಬೇಳೆ ರುಬ್ಬಿ ಹೊಯ್ದ ದಪ್ಪ ದೋಸೆಯೂ ಬಂತು, ಪಕ್ಕದಲ್ಲಿ ಪೋಲಿಷ್ ಹುಳಿ ಕ್ರೀಮು. ಊಟಕ್ಕೆ ಕೊಟ್ಟ ಲೋಹದ ಕಡ್ಡಿಗಳಿಂದ ನಾನು ಒಂದು ಕಡಬು ಎತ್ತಲು ಹೋದೆ. ಅದು ಹಾರಿ ಪಕ್ಕದ ಮೇಜಿನ ಯುವಕನ ಬಿಯರಿನ ಹತ್ತಿರ ಬಿತ್ತು. ಅವನು ಅದನ್ನು ತನ್ನ ಕಡ್ಡಿಗಳಲ್ಲಿ ಎತ್ತಿ, ತಾನೇ ಬೀಳಿಸಿದವನಂತೆ ತಲೆ ಬಾಗಿಸಿ ವಾಪಸು ಕೊಟ್ಟ.

ಇದನ್ನು ನೋಡಿದ ಅಜ್ಜಿ ನೇರ ನಮ್ಮ ಮೇಜಿಗೆ ಬಂದಳು. ಅಂಗೈ ಮೇಲೆ ಒಂದು ಹಸಿರು ಎಲೆ ಹರವಿ, ಅದರಲ್ಲಿ ಚೂರು ಅನ್ನ, ಚೂರು ದೋಸೆ, ತುಸು ಖಾರ ಇಟ್ಟು ವೀಳ್ಯದ ಹಾಗೆ ಮಡಿಸಿ, ನೆಟ್ಟಗೆ ನನ್ನ ಬಾಯಿಗೇ ಹಿಡಿದಳು. ನನ್ನ ಅವ್ವ ಹೋದ ಮೇಲೆ ಯಾರೂ ನನಗೆ ಹೀಗೆ ತುತ್ತು ಮಾಡಿ ತಿನ್ನಿಸಿರಲಿಲ್ಲ. ಅಗಿದು ನುಂಗಿ ಇನ್ನೊಂದಕ್ಕೆ ಬಾಯಿ ತೆರೆದೆ.

ರವಿವಾರ

ನಮ್ಮಿಬ್ಬರ ನಡುವಿನ ದೊಡ್ಡ ವಿಷಯ ಇನ್ನೂ ಇತ್ಯರ್ಥವಾಗಿರಲಿಲ್ಲ. ಬಾಣಂತನ ಯಾರದು? ಕೂಸಿಗೆ ಎಣ್ಣೆ ಹಚ್ಚುವವರು ಯಾರು? ಯಾರೂ ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ನಾನು ಬಾಣಂತಿಯ ಪಾಯಸಕ್ಕೆಂದು ಅಳವಿ ಕಾಳು ತೆಗೆದಿಟ್ಟರೆ ಅವರು ತಮ್ಮ ಡಬ್ಬಿಯಿಂದ ಬೇರೆ ಅಳವಿ ತೆಗೆದು ಅದರ ಪಕ್ಕದಲ್ಲಿಡುತ್ತಿದ್ದರು.

ಕುಬಸದ ವಿಚಾರದಲ್ಲೂ ಅದೇ. ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಬಯಸಿದ್ದನ್ನು ಉಣಿಸುವ ಶಾಸ್ತ್ರ. ನಾನು ಇಳಕಲ್ ತಂದಿದ್ದೆ, ಅವರು ಪೈಠಣಿ ತಂದಿದ್ದರು. ಎರಡೂ ಹಸಿರು. ಮನೆಯಲ್ಲಿ ನಾಲ್ಕು ಜನ ಕೂತರೆ ಐದನೆಯವರು ನಿಲ್ಲಬೇಕು. ಅದನ್ನು ಕೇಳಿದ ಎವಾ ರವಿವಾರ ಮಧ್ಯಾಹ್ನ ಅಂಗಡಿಯ ಮೂಲೆಯನ್ನು ನಮಗೇ ಬಿಟ್ಟುಕೊಟ್ಟಳು. ಅಭಿನಂದನ ಯಂತ್ರ ಕೆಟ್ಟಿತೆಂದು ಬೇರೆ ಊರಿಗೆ ಹೋಗಿದ್ದ, ಸಂಜೆಗೆ ಬರುವವನಿದ್ದ.

ಅಲ್ಲಿ ಸೀರೆಯ ಪ್ರಶ್ನೆ ಎದ್ದಿತು. ಪಲ್ಲವಿ ಇಬ್ಬರ ಮುಖವನ್ನೂ ನೋಡಿ, ತನ್ನ ಸಡಿಲ ಗೌನಿನ ಮೇಲೆ ಒಂದು ಭುಜಕ್ಕೆ ಇಳಕಲ್, ಇನ್ನೊಂದಕ್ಕೆ ಪೈಠಣಿ ಹೊದ್ದು ಕೂತಳು. "ಈಗ ಇಬ್ಬರೂ ಸುಮ್ಮನಾಗ್ರಿ, ನನಗ ಹಸಿವಾಗೇತಿ!"

ಉಡಿಗೆ ನಾವು ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಹಾಕಿದೆವು. ಎವಾ ಒಂದು ಸೇಬು ಹಾಕಿದಳು. ಹಾಲಮನಿ ಅಜ್ಜಿ ತೆಂಗಿನಕಾಯಿಯಷ್ಟು ದೊಡ್ಡ ಕೊರಿಯನ್ ಪಿಯರ್ ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು ತಂದಿಟ್ಟಳು. ನಾನು ಸೋಬಾನೆ ಹಾಡಿದೆ, ಬೀಗಿತ್ತಿ ಮರಾಠಿ ಹಾಡು ಹೇಳಿದರು. ಬಾರಿನ ಕಡೆಯ ಜನ ಗ್ಲಾಸು ಕೆಳಗಿಟ್ಟು ತಿರುಗಿ ಕೂತರು. ಟ್ರಾಮಿನಲ್ಲಿ ತುಟಿ ಬಿಚ್ಚದ ಈ ಜನ ಇಲ್ಲಿ ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿದರು! ನನ್ನ ಗಂಟಲಿಗೆ ಪೋಲೆಂಡಿನಲ್ಲಿ ಮೊದಲ ಸಲ ಮರ್ಯಾದೆ ಸಿಕ್ಕಿತು.

ಪಲ್ಲವಿ ಚಮಚ ಕೆಳಗಿಟ್ಟು ಮೇಜಿನ ಅಂಚು ಹಿಡಿದಿದ್ದಳು. ಖಾರ ಹತ್ತಿತೆಂದು ನಾನು ನೀರು ಮುಂದೆ ಸರಿಸಿದೆ. ಅಜ್ಜಿ ಮಾತ್ರ ಬಗ್ಗಿ ಅವಳ ಹೊಟ್ಟೆಯ ಮೇಲೆ ಕೈಯಿಟ್ಟಳು, ಸ್ವಲ್ಪ ಹೊತ್ತು ಹಾಗೆಯೇ ಇದ್ದಳು, ಆಮೇಲೆ ಸೊಸೆಯ ಕಡೆ ತಿರುಗಿ ಜೋರಾಗಿ ಕೂಗಿದಳು. ಎವಾ ಏಪ್ರನ್ ಕಿತ್ತೆಸೆದು ಕಾರಿನ ಕೀಲಿ ಹುಡುಕಲು ಓಡಿದಳು.

"ಅವ್ವಾ, ಮುಂಜಾನಿಂದ ಬ್ಯಾನಿ ಬಂದು ಹೋಗಾಕತ್ತಾವ," ಎಂದಳು ಮಗಳು. "ಇಷ್ಟು ಹುರುಪಿನ್ಯಾಗ ಇದ್ರಿ. ಹೆಂಗ ಹೇಳ್ಲಿ?"

ಆಸ್ಪತ್ರೆ

ಹೆರಿಗೆ ಕೋಣೆಯ ಒಳಗೆ ಒಬ್ಬರಿಗೆ ಮಾತ್ರ ಪ್ರವೇಶ ಎಂದಳು ನರ್ಸು. ನಾನು ಆಗಲೇ ಚಪ್ಪಲಿ ಬಿಟ್ಟು ಒಂದು ಹೆಜ್ಜೆ ಮುಂದಿಟ್ಟಿದ್ದೆ.

"ಅವ್ವಾ," ಎಂದಳು ಪಲ್ಲವಿ, ಹಲ್ಲು ಕಚ್ಚಿಕೊಂಡು. "ಅತ್ತಿ ಬರ್ಲಿ. ಬ್ಯಾನಿ ಬಂದಾಗ ನನಗ ಮಾತಾಡಾಕ ಆಗೂದಿಲ್ಲ. ಡಾಕ್ಟರ್ ಜೋಡಿ ಅವರು ಇಂಗ್ಲಿಷಿನ್ಯಾಗ ಮಾತಾಡ್ತಾರ."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಬಾಗಿಲು ಮುಚ್ಚಿತು, ನಾನು ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡೆ. ಅವಳಿಗೆ ಮೊದಲ ಮಾತು ಕಲಿಸಿದವಳು ನಾನು. ಇವತ್ತು ಅವಳಿಗೆ ಬೇಕಾದ ಮಾತು ನನ್ನ ಹತ್ತಿರ ಇರಲಿಲ್ಲ.

ಎವಾ ಹೋಗಲಿಲ್ಲ. ಅಂಗಡಿಯ ತುಂಬ ಗಿರಾಕಿಗಳಿದ್ದರೂ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಳು. ಒಳಗೆ ಹೋಗಿಬಂದ ನರ್ಸನ್ನು ತಡೆದು ಕೇಳಿ, ಫೋನಿಗೆ ಪೋಲಿಷಿನಲ್ಲಿ ಏನೋ ಹೇಳಿ ನನ್ನ ಕಿವಿಗೆ ಹಿಡಿದಳು. ಫೋನು ಕನ್ನಡದಲ್ಲಿ ಘೋಷಿಸಿತು: "ನಿಮ್ಮ ಮಗಳು ಮೀನಿನಂತೆ ಆರೋಗ್ಯವಾಗಿದ್ದಾಳೆ."

ಅವರ ಭಾಷೆಯಲ್ಲಿ ಅದು ಗಟ್ಟಿಮುಟ್ಟು ಎಂದು ಹೇಳುವ ರೀತಿಯಂತೆ. ಜೈನರ ಮಗಳು ಮೀನಾದಳಲ್ಲ ಎಂದು ನನಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಎವಾ ನನ್ನ ಕೈ ಹಿಡಿದಳು. ಹಿಟ್ಟು ನಾದಿ ಗಟ್ಟಿಯಾದ ಕೈ. ಬಿಡಲೇ ಇಲ್ಲ.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಸುಮತಿಬಾಯಿಯವರು ಬಂದರು. ಕೂದಲು ಕೆದರಿತ್ತು, ಮುಖವೆಲ್ಲ ಬೆವರು. ಮೈಮೇಲಿನ ಆಸ್ಪತ್ರೆಯ ನಿಲುವಂಗಿಯನ್ನು ಬಿಚ್ಚಿ ಅವರೇ ನನಗೆ ತೊಡಿಸತೊಡಗಿದರು.

"ನೀವು ನಡೀರಿ. ಕೇಳೂದೆಲ್ಲ ಕೇಳೀನಿ, ಹೇಳೂದೆಲ್ಲ ಹೇಳೀನಿ. ಇಂಗ್ಲಿಷಿನ ಕೆಲಸ ಮುಗೀತು. ಈಗ ಆಕಿ ಬರೇ ಅವ್ವಾ ಅವ್ವಾ ಅನ್ನಾಕತ್ತಾಳ."

"ಒಬ್ಬರಿಗೇ ಬಿಡೂದಲ್ಲೇನ್ರಿ?"

"ಒಬ್ಬರೇ ಹೋಗ್ರಿ. ನಾ ಹೊರಗ ಬಂದೀನಲ್ಲ." ನರ್ಸು ಏನೋ ಹೇಳಲು ಬಾಯಿ ತೆರೆದಳು. ಬೀಗಿತ್ತಿ ಅವಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದರು. ನರ್ಸು ಬಾಗಿಲು ಬಿಟ್ಟು ಸರಿದಳು. ಆ ಇಂಗ್ಲಿಷಿನ ಮೇಲೆ ನನಗೆ ಅಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

ಮಗಳು ನನ್ನ ಕೈಯನ್ನು ಮುರಿಯುವಷ್ಟು ಬಿಗಿ ಹಿಡಿದಳು. ನಾನು ಕನ್ನಡದಲ್ಲಿ, ತರಗತಿಯ ದನಿಯಲ್ಲಿ, ಅವಳಿಗೆ ಧೈರ್ಯ ಹೇಳಿದೆ. ಹೊರಗೆ ಆ ದೇಶದ ಮುಳುಗದ ಬಿಸಿಲು ಕಿಟಕಿಯ ತುಂಬ ಇದ್ದಾಗಲೇ ಕೂಸು ಅತ್ತಿತು. ಹೆಣ್ಣು! ಕಾರಿಡಾರಿಗೆ ಬಂದು ಹೇಳಿದಾಗ ಬೀಗಿತ್ತಿ, ಎವಾ, ಆಗತಾನೆ ಓಡಿಬಂದ ಅಳಿಯ, ಎಲ್ಲರೂ ಒಟ್ಟಿಗೆ ಮಾತಾಡಿದರು. ಸುಮತಿಬಾಯಿಯವರು ನನ್ನನ್ನು ಅಪ್ಪಿಕೊಂಡು, "ವಿಹೀಣಬಾಯಿ, ಎಣ್ಣಿ ನೀವ ಹಚ್ರಿ. ನೀರು ನಾ ಹಾಕ್ತೀನಿ," ಎಂದರು.

ಮರುದಿನ

ಮಧ್ಯಾಹ್ನ ಎವಾ ಮತ್ತು ಹಾಲಮನಿ ಅಜ್ಜಿ ಒಂದು ದೊಡ್ಡ ಥರ್ಮಾಸು ಹಿಡಿದು ಬಂದರು. ಅಜ್ಜಿ ಬಾಗಿಲ ಹತ್ತಿರವೇ ನಿಂತಳು. ಎಷ್ಟು ಕರೆದರೂ ಒಳಗೆ ಬರಲಿಲ್ಲ. ಥರ್ಮಾಸಿನಲ್ಲಿ ಕಡುಹಸಿರು ಸಾರು. ಅದರಲ್ಲಿ ಕಪ್ಪು ಎಲೆಗಳು ರೇಷ್ಮೆಯ ಚೂರುಗಳಂತೆ ತೇಲುತ್ತಿದ್ದವು. ಸಮುದ್ರದ ಸೊಪ್ಪು. ಕೊರಿಯಾದಲ್ಲಿ ಬಾಣಂತಿಗೆ ಮೊದಲು ಕೊಡುವುದು ಇದನ್ನೇ ಎಂದು ಎವಾ ಹೇಳಿದಳು. ಮಾಂಸ, ಮೀನು, ಬಳ್ಳೊಳ್ಳಿ ಏನೂ ಹಾಕದೆ, ಬರೇ ಎಳ್ಳೆಣ್ಣೆಯಲ್ಲಿ ನಿನ್ನೆ ಸಂಜೆಯಿಂದ ಅಜ್ಜಿ ಒಬ್ಬಳೇ ಮಾಡಿದ್ದಂತೆ.

ನಾನು ಬೀಗಿತ್ತಿಯ ಮುಖ ನೋಡಿದೆ. ಅವರು ಸಾರನ್ನು ಮೂಸಿದರು. ಸಮುದ್ರದ ವಾಸನೆ ಜೋರಾಗಿಯೇ ಇತ್ತು.

"ನಾ ಕುಡಿಯೂದಿಲ್ಲ," ಎಂದರು. "ಆದ್ರ ಬಾಣಂತಿ ಕುಡೀಲಿ. ಅಷ್ಟು ದೂರದಿಂದ ಹೊತ್ಕೊಂಡ್ ಬಂದಾಳ ಮುದುಕಿ."

ಪಲ್ಲವಿ ಒಂದು ಚಮಚ ಕುಡಿದಳು. ಇನ್ನೊಂದು ಕುಡಿದಳು. ಆಮೇಲೆ ಬಟ್ಟಲನ್ನೇ ಎತ್ತಿ ಖಾಲಿ ಮಾಡಿ ಮುಂದೆ ಚಾಚಿದಳು. "ಅವ್ವಾ, ಇನ್ನಷ್ಟು ಹಾಕು."

ಅಜ್ಜಿಗೆ ಕನ್ನಡ ಬೇಕಾಗಲಿಲ್ಲ. ಚಾಚಿದ ಬಟ್ಟಲು ಸಾಕಾಯಿತು. ಬಾಗಿಲು ಬಿಟ್ಟು ಒಳಗೆ ಬಂದಳು. ಮತ್ತೆ ಬಡಿಸುವಾಗ ಅವಳ ಕಣ್ಣೀರು ಏಪ್ರನ್ನಿನ ಹೂಗಳ ಮೇಲೆ ಬೀಳುತ್ತಿತ್ತು.

ಎವಾ ಗೋಡೆಯ ಕಡೆ ನೋಡುತ್ತ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು, ಪಲ್ಲವಿ ನನಗೆ ಕನ್ನಡದಲ್ಲಿ ತಿಳಿಸಿದಳು. ತನಗೆ ಮಗ ಹುಟ್ಟಿದಾಗ ಅತ್ತೆ ಇದೇ ಸಾರು ಮಾಡಿ ತಂದಿದ್ದಳಂತೆ. ವಾಸನೆ ತಡೆಯಲಾಗದೆ ಎವಾ ಮುಖ ತಿರುಗಿಸಿದ್ದಳು. ತನ್ನ ತಾಯಿ ತಂದ ಕೋಳಿಯ ಸಾರನ್ನು ಅತ್ತೆಯ ಎದುರೇ ಕುಡಿದಿದ್ದಳು. ಅದಾದ ಮೇಲೆ ಅತ್ತೆ ಅಂಗಡಿಯಲ್ಲಾಗಲಿ ಮನೆಯಲ್ಲಾಗಲಿ ಆ ಸೊಪ್ಪನ್ನು ಒಮ್ಮೆಯೂ ನೆನೆಹಾಕಿರಲಿಲ್ಲವಂತೆ.

ಇಷ್ಟು ಹೇಳಿ ಎವಾ ಥರ್ಮಾಸಿನ ಮುಚ್ಚಳ ತೆಗೆದುಕೊಂಡಳು. ತಳದಲ್ಲಿ ಉಳಿದಿದ್ದ ಸಾರನ್ನು ಅದಕ್ಕೆ ಬಗ್ಗಿಸಿ, ಮುಖ ಕಿವುಚದೆ, ಕೊನೆಯ ಎಲೆಯ ತನಕ ಕುಡಿದಳು. ಮುಚ್ಚಳವನ್ನು ಅತ್ತೆಯ ಮುಂದೆ ಹಿಡಿದಳು.

ಅಜ್ಜಿ ಥರ್ಮಾಸನ್ನು ಬೋರಲು ಮಾಡಿ ಅಲ್ಲಾಡಿಸಿ ತೋರಿಸಿದಳು. ಒಂದು ಹನಿಯೂ ಬೀಳಲಿಲ್ಲ. ಸೊಸೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕೊರಿಯನ್ನಿನಲ್ಲಿ ಬಹಳ ಹೊತ್ತು ಏನೇನೋ ಹೇಳಿದಳು. ಅದನ್ನು ಯಾರೂ ನಮಗೆ ಅನುವಾದಿಸಲಿಲ್ಲ. ಸುಮತಿಬಾಯಿಯವರು ಮಾತ್ರ ಮೊಮ್ಮಗಳನ್ನು ಎದೆಗೊತ್ತಿಕೊಂಡು, ಪ್ರತಿ ಮಾತಿಗೂ ತಲೆಯಾಡಿಸುತ್ತ, "ಹೌದ್ರಿ, ಖರೇ ಹೌದ್ರಿ," ಎನ್ನುತ್ತಿದ್ದರು.